ನಾಲ್ಕನೇ ಕೂಗಿನ ಕಟ್ಟೆ

ಹೊಳೆ ಸಮುದ್ರ ಸೇರುವಲ್ಲಿ ನೀರಿನ ನಡುವೆ ಎದ್ದು ನಿಂತ ನೆಲವನ್ನು ನಮ್ಮ ಕಡೆ ಕುರ್ವೆ ಎನ್ನುತ್ತಾರೆ. ಕೇದಗೆ ಹೊಳೆಯಲ್ಲಿ ಅಂಥ ಕುರ್ವೆಗಳು ಹದಿಮೂರು ಇವೆ. ಹನ್ನೆರಡನ್ನು ನೀವು ನೋಡದಿದ್ದರೂ ನಷ್ಟವಿಲ್ಲ. ಹದಿಮೂರನೆಯದು ನಮ್ಮ ಹೆಗ್ಗುರ್ವೆ. ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ತಾಸು, ಅಷ್ಟರಲ್ಲಿ ಮೂರು ಕೇರಿ, ಮೂರು ಭಾಷೆ. ಮೂಡಕೇರಿಯಲ್ಲಿ ಉಪ್ಪುನೀರಿನ ಗಜನಿ ಗದ್ದೆ ಮಾಡುವ ನಾವು, ನಮ್ಮದು ಕನ್ನಡ. ದೋಣಿಕೇರಿಯಲ್ಲಿ ಮೀನು ಹಿಡಿಯುವವರು, ಅವರದು ಕೊಂಕಣಿ. ಬಂದರಕೇರಿಯಲ್ಲಿ ಹಿಂದಿನಿಂದ ಹಡಗಿನ ವ್ಯಾಪಾರ ಮಾಡಿದವರು, ಅವರದು ನವಾಯತಿ. ಹೊರಗಿನವರು ಒಂದು ಭಾಷೆಯನ್ನು ಸರಿಯಾಗಿ ಆಡುವುದಕ್ಕೆ ಒದ್ದಾಡುತ್ತಾರೆ. ನಮ್ಮಲ್ಲಿ ಹಲ್ಲು ಬರುವ ಮೊದಲೇ ಕೂಸುಗಳು ಮೂರರಲ್ಲೂ ಹಟ ಮಾಡುತ್ತವೆ. ಈ ಮೂರೂ ಕೇರಿಗಳು ಸೇರುವ ಮೂಲೆಯಲ್ಲಿ, ಗಜನಿಯನ್ನು ಹೊಳೆಯಿಂದ ಕಾಯುವ ಉದ್ದದ ಮಣ್ಣಿನ ಕಟ್ಟೆಯಿದೆ. ಅದರ ನಡುವೆ ಚಿರೆಕಲ್ಲಿನ ತೂಬು, ತೂಬಿಗೆ ಎತ್ತಿ ಇಳಿಸುವ ಮರದ ಹಲಗೆ. ಅದನ್ನು ಜಂತ್ರಡಿ ಎನ್ನುತ್ತೇವೆ. ತೂಬಿನ ಪಕ್ಕದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂಬತ್ತು ಮೆಟ್ಟಿಲು. ಸರ್ಕಾರದ ನಕ್ಷೆಯಲ್ಲಿ ಇದಕ್ಕೆ ಬರಿಯ ಒಂದು ಅಂಕಿಯಿದೆ. ನಾವು ನಾಲ್ಕನೇ ಕೂಗಿನ ಕಟ್ಟೆ ಎನ್ನುತ್ತೇವೆ. ಮೂರು ಭಾಷೆಯ ಊರಿನಲ್ಲಿ ನಾಲ್ಕನೇ ಕೂಗು ಎಲ್ಲಿಂದ ಬಂತು ಎಂದು ಬಂದವರೆಲ್ಲ ಕೇಳುತ್ತಾರೆ. ಬೇರೆ ಊರಿನವರಾಗಿದ್ದರೆ ಇಂಥ ಕಥೆಯನ್ನು ಮುಚ್ಚಿಡುತ್ತಿದ್ದರು, ಇಲ್ಲವೇ ಅದಕ್ಕೊಂದು ದೇವರನ್ನು ತಂದು ಕೂರಿಸುತ್ತಿದ್ದರು. ನಮ್ಮಲ್ಲಿ ಆ ಚಾಳಿ ಇಲ್ಲ. ಮಾಡಿದವರು ನಮ್ಮವರೇ, ಹೇಳುವವನೂ ನಾನೇ. ಕಟ್ಟೆಯ ಮೇಲೆ ಅಂದು ನಿಂತು ಕೂಗಿದವನ ಮನೆಯಲ್ಲಿ ಹುಟ್ಟಿದ ನನಗಿಂತ ಚೆನ್ನಾಗಿ ಇದನ್ನು ಹೇಳುವವನು ಹೊಳೆಯ ಎರಡು ದಡದಲ್ಲೂ ಸಿಕ್ಕುವುದಿಲ್ಲ.

ಕೂಗು ಎಂದರೆ ಏನು ಎಂಬುದನ್ನು ಮೊದಲು ತಿಳಿಯಬೇಕು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಬೆಳಗಿನ ಜಾವ ಹೊಳೆ ಪೂರ್ತಿ ಇಳಿಯುತ್ತದೆ. ಆಗ ಮೆಟ್ಟಿಲ ಮುಂದೆ ಮೊದಲು ಒಂದು ಕೊರಕಲು, ಅದನ್ನು ದಾಟಿದರೆ ದಿಣ್ಣೆಯಂತೆ ಎದ್ದ ಕೆಸರಿನ ಬಯಲು. ಆ ಬಯಲಿನಲ್ಲಿ ಬೆಳಚು ಸಿಕ್ಕುತ್ತದೆ, ಚಿಪ್ಪಿನೊಳಗಿನ ಆ ರುಚಿಯಾದ ಮಾಂಸ. ಮೂರು ಕೇರಿಯ ಹೆಂಗಸರೂ ಬುಟ್ಟಿ ಹಿಡಿದು ಅಲ್ಲಿಗೆ ಇಳಿಯುತ್ತಿದ್ದರು. ಉಬ್ಬರ ತಿರುಗಿದಾಗ ವಾಪಸು ಹತ್ತಲು ಇದ್ದದ್ದು ಈ ಒಂಬತ್ತು ಮೆಟ್ಟಿಲು ಮಾತ್ರ. ಬೇರೆ ಕಡೆ ಕಾಲಿಟ್ಟರೆ ಸೊಂಟದ ತನಕ ಹೂತುಹೋಗುವ ಕೆಸರು. ಹಿಂದೆ ಒಮ್ಮೆ ನೂಕುನುಗ್ಗಲಿನಲ್ಲಿ ಒಬ್ಬ ಬಸುರಿ ಮೆಟ್ಟಿಲಿನಿಂದ ಬಿದ್ದು ಸತ್ತಳಂತೆ. ಅಂದಿನಿಂದ ಹಿರಿಯರು ಕಟ್ಟು ಮಾಡಿದರು. ಬಯಲಿನ ಅಂಚಿನಲ್ಲಿ ಒಂದು ಗೂಟ ನೆಟ್ಟರು. ಕಟ್ಟೆಯ ಮೇಲೆ ಒಬ್ಬ ಕೂಗುಗಾರನನ್ನು ನಿಲ್ಲಿಸಿದರು. ಅವನು ಮೊದಲು ಕನ್ನಡದಲ್ಲಿ ‘ಮೇಲೆ ಬನ್ನಿ’ ಎಂದು ಕೂಗಬೇಕು. ಕನ್ನಡದವರು ಕೈಯೆತ್ತಿ ‘ಬಂದೆ’ ಎಂದು ಉತ್ತರ ಕೊಟ್ಟು, ಗೂಟ ದಾಟಿ, ಹತ್ತಬೇಕು. ಆಮೇಲೆ ಕೊಂಕಣಿಯ ಕೂಗು, ಆಮೇಲೆ ನವಾಯತಿಯದು. ತನ್ನ ಕೂಗು ಬರುವ ಮೊದಲು ಯಾರೂ ಗೂಟ ದಾಟುವಂತಿಲ್ಲ. ಬರಬರುತ್ತಾ ಆ ಕೂಗಿಗೆ ತೂಕ ಹೆಚ್ಚಿತು. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಕಟ್ಟಿದ ಬಲೆಯಲ್ಲಿ ಗಜನಿಯ ಸಿಗಡಿ ರಾಶಿ ಬೀಳುತ್ತದೆ. ಕೂಗಿಗೆ ಉತ್ತರ ಕೊಟ್ಟವರಿಗೆ ಅದರಲ್ಲಿ ಪಾಲು. ಯಾರ ಭಾಷೆಯಲ್ಲಿ ಕೂಗು ಇದೆಯೋ ಅವರನ್ನು ಕುರ್ವೆಯಿಂದ ಯಾರೂ ಎಬ್ಬಿಸುವಂತಿಲ್ಲ. ಕೂಗು ಇಲ್ಲದವರು ಇಲ್ಲಿಯವರಲ್ಲ, ಅಷ್ಟೇ. ತಾಮ್ರಪಟ, ಸನ್ನದು ಇವೆಲ್ಲ ಬೇರೆ ಊರಿನವರಿಗೆ ಬೇಕು; ನಮಗೆ ಒಬ್ಬನ ಗಂಟಲು ಸಾಕಿತ್ತು.

ಹೀಗಿರುವಾಗ ತೆಂಕಣದಿಂದ ತುಳು ಆಡುವ ಕೆಲವು ಮನೆಯವರು ಬಂದರು ಎನ್ನುತ್ತಾರೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಅವರ ಕಸುಬು. ಅವರ ಹಿರಿಯನ ಹೆಸರು ತುಕ್ರ, ಅವನ ಹೆಂಡತಿ ಕೊರಪೊಲು. ಕುರ್ವೆಯ ಬರಡು ತುದಿಯಲ್ಲಿ ಗೂಡು ಕಟ್ಟಿಕೊಂಡು ಸುಣ್ಣ ಸುಟ್ಟರು. ಮೂರು ಕೇರಿಯ ಗೋಡೆಗಳಿಗೂ, ಬಂದರಕೇರಿಯ ಮಸೀದಿಗೂ, ಮೂಡಕೇರಿಯ ಗುಡಿಗೂ, ಈ ತೂಬಿನ ಮೆಟ್ಟಿಲಿನ ಗಾರೆಗೂ ಅವರದೇ ಸುಣ್ಣ. ಸುಣ್ಣ ಬೇಕಿತ್ತು, ಸುಣ್ಣದವರು ಬೇಡವಾಗಿತ್ತು. ಮಳೆಗಾಲದಲ್ಲಿ ಗೂಡು ಉರಿಯುವುದಿಲ್ಲವಲ್ಲ, ಹಾಗಾಗಿ ಪ್ರತಿ ವರ್ಷ ಮೊದಲ ಮಳೆ ಬಿದ್ದ ಕೂಡಲೇ ಅವರನ್ನು ದೋಣಿ ಹತ್ತಿಸಿ, ಗುಡಿಸಲಿಗೆ ಬೆಂಕಿಯಿಟ್ಟು ಕಳಿಸುತ್ತಿದ್ದರು. ನವರಾತ್ರಿ ಕಳೆದ ಮೇಲೆ ಮತ್ತೆ ಬಂದು ಮತ್ತೆ ಕಟ್ಟಿಕೊಳ್ಳಬೇಕು. ಹೀಗೆ ಎಂಟು ವರ್ಷ ನಡೆಯಿತು. ಎಂಟನೆಯ ಮಳೆಗಾಲದಲ್ಲಿ ಆಚೆ ದಡದ ಮರಳಿನಲ್ಲಿ, ಮಗುಚಿ ಹಾಕಿದ ದೋಣಿಯ ಕೆಳಗೆ, ಕೊರಪೊಲುವಿನ ಆರು ತಿಂಗಳ ಹೆಣ್ಣುಕೂಸು ಜ್ವರ ಬಂದು ಸತ್ತಿತು. ಆ ವರ್ಷ ವಾಪಸು ಬಂದ ಕೊರಪೊಲು ಗುಡಿಸಲು ಕಟ್ಟಲಿಲ್ಲ. ನೇರವಾಗಿ ಮೂಡಕೇರಿಗೆ ಬಂದು, ಕುರ್ವೆಯ ಯಜಮಾನನಾದ ಬೀರ ಗೌಡನ ಅಂಗಳದಲ್ಲಿ ನಿಂತಳು. ನಮಗೂ ಒಂದು ಕೂಗು ಬೇಕು ಎಂದಳು.

ಬೀರ ಗೌಡ ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ನೀರು ಒಡೆದ ಕಟ್ಟೆಗೆ ಎದೆಯೊಡ್ಡಿ ನಿಂತವನು, ಎರಡು ಬರಗಾಲದಲ್ಲಿ ತನ್ನ ಕಣಜ ತೆಗೆದು ಮೂರು ಕೇರಿಗೂ ಅಕ್ಕಿ ಹಂಚಿದವನು. ಆದರೆ ತಮಾಷೆಯಲ್ಲಿ ಜನರನ್ನು ಬಗ್ಗಿಸುವ ಹುಚ್ಚು ಅವನಿಗಿತ್ತು. ಬೈದು ಓಡಿಸುವುದಕ್ಕಿಂತ ನಗಿಸಿ ಓಡಿಸುವುದು ದೊಡ್ಡತನ ಎಂದು ತಿಳಿದವನು. ಉಳಿದೆರಡು ಕೇರಿಯ ಹಿರಿಯರನ್ನು ಕರೆಸಿದ. ಕಟ್ಟೆಯ ಮೇಲೆ ಸಭೆ ಸೇರಿತು. ‘ಕೂಗು ಕೇಳುವುದು ಸುಲಭ, ಕಾಯುವುದು ಕಷ್ಟ’ ಎಂದ ಗೌಡ. ‘ಬರುವ ಅಮಾವಾಸ್ಯೆಗೆ ನೀವೂ ಇಳಿಯಿರಿ. ಮೂರು ಕೂಗು ಮುಗಿದ ಮೇಲೆ ನಾಲ್ಕನೆಯದು ನಿಮ್ಮ ಭಾಷೆಯಲ್ಲಿ. ಅದು ಬರುವ ತನಕ ಗೂಟದ ಆಚೆ ನಿಂತಿದ್ದು ಉತ್ತರ ಕೊಟ್ಟರೆ ಹಕ್ಕು ನಿಮ್ಮದು, ನಿಮ್ಮ ಮೊಮ್ಮಕ್ಕಳದು. ಒಂದು ಕಾಲು ಈಚೆ ಬಂದರೂ ಅವತ್ತೇ ದೋಣಿ ಹತ್ತಬೇಕು, ಮತ್ತೆ ಈ ನೆಲ ಮೆಟ್ಟಬಾರದು.’ ಕೊರಪೊಲು ದಡ್ಡಿಯಲ್ಲ. ‘ಅದನ್ನೇ ಇನ್ನೊಂದು ಸಲ ಹೇಳಿ ಗೌಡ್ರೇ, ಮೂರು ಭಾಷೆಯಲ್ಲೂ ಹೇಳಿಸಿ. ಆಮೇಲೆ ನಮಗೆ ಗೊತ್ತಿರಲಿಲ್ಲ ಅಂತ ಯಾರೂ ಅನ್ನಬಾರದು’ ಎಂದಳು. ಜನ ನಕ್ಕರು. ಗೌಡನೂ ನಕ್ಕು, ಕೂಗುಗಾರ ಮಂಕಾಳುವಿನಿಂದ ಮೂರು ಭಾಷೆಯಲ್ಲೂ ಹೇಳಿಸಿದ. ಈ ಮಂಕಾಳುವೇ ನಮ್ಮ ಮನೆಯ ಮೂಲಪುರುಷ. ಇಳಿತದಲ್ಲಿ ಅವನು ಕೂಗಿದರೆ ಆಚೆ ದಡದ ದನಗಳು ತಲೆಯೆತ್ತುತ್ತಿದ್ದವಂತೆ. ಆ ಗಂಟಲು ಈಗ ನನ್ನದು, ಬೇಕಾದರೆ ಬಂದು ಕೇಳಿ. ನಾಲ್ಕನೇ ಭಾಷೆಯನ್ನು ಅವನಿಗೆ ಕಲಿಸಿದವಳು ಕೊರಪೊಲುವೇ. ಹದಿನೈದು ದಿನ ಸುಣ್ಣದ ಗೂಡಿನ ಹತ್ತಿರ ಹೋಗಿ ಕುಳಿತು, ಅವಳು ಬಡಿಸಿದ ಗಂಜಿ ಕುಡಿದು, ಎರಡೇ ಮಾತು ಕಲಿತ: ‘ಮಿತ್ತ್ ಬಲೆ.’ ಮೇಲೆ ಬನ್ನಿ ಎಂದರ್ಥ. ‘ನಿಮ್ಮ ಬಾಯಲ್ಲಿ ಅದು ದನ ಅಟ್ಟಿದ ಹಾಗೆ ಕೇಳುತ್ತದೆ ಅಣ್ಣ’ ಎಂದು ಅವಳು ನಗುತ್ತಿದ್ದಳು, ಮತ್ತೆ ಹೇಳಿಸುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ಸಂಜೆ ಬೀರ ಗೌಡ ಮಂಕಾಳುವನ್ನು ಗದ್ದೆಯ ಅಂಚಿಗೆ ಕರೆದ. ‘ಮೂರು ಕೂಗು ಹಾಕು, ಆಮೇಲೆ ಸುಮ್ಮನಿರು. ಅವರು ತಾವಾಗಿ ಓಡಿ ಬರಲಿ. ನಾನು ಹೇಳದೆ ಬಾಯಿ ತೆರೆದರೆ ನೀನೂ ಅವರ ದೋಣಿಯನ್ನೇ ಹತ್ತುತ್ತೀ.’ ಮಂಕಾಳು ಕೇಳಿದ, ‘ಓಡಿ ಬರದಿದ್ದರೆ?’ ಗೌಡ ಅವನ ಬೆನ್ನು ತಟ್ಟಿದ. ‘ಕುತ್ತಿಗೆಗೆ ನೀರು ಬರುವ ತನಕ ಹಕ್ಕು ಹಕ್ಕು ಅಂತ ನಿಲ್ಲುವವರು ಯಾರೋ ಮಾರಾಯ? ಮೊಣಕಾಲಿಗೆ ಬರಲಿ, ಸೀರೆ ಎತ್ತಿಕೊಂಡು ಓಡಿ ಬರುವುದನ್ನು ನೋಡುವೆಯಂತೆ.’ ಮಂಕಾಳು ಮನೆಗೆ ಬಂದು ಊಟ ಮಾಡಿ ಮಲಗಿದ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಈ ಮಾತನ್ನು ಮರೆಮಾಚುವುದಿಲ್ಲ. ಅವನು ಊಟ ಬಿಟ್ಟ, ನಿದ್ದೆ ಬಿಟ್ಟ ಎಂದು ಸೇರಿಸಿ ಹೇಳಬಹುದಿತ್ತು. ನಮ್ಮ ಹಿರಿಯರು ಸೇರಿಸಲಿಲ್ಲ.

ಬೆಳಗಾಯಿತು. ಮೂರು ಕೇರಿಯ ಹೆಂಗಸರ ಜೊತೆ ಸುಣ್ಣದ ಗೂಡಿನ ಹನ್ನೊಂದು ಹೆಂಗಸರು ಬಯಲಿಗೆ ಇಳಿದರು. ಕೂಗು ಸಿಕ್ಕುವ ತನಕ ಅವರ ಗಂಡಸರು ಕಟ್ಟೆಗೆ ಬರಕೂಡದೆಂಬ ಕಟ್ಟು ಇದ್ದುದರಿಂದ ತುಕ್ರ ಮತ್ತು ಉಳಿದವರು ಕುರ್ವೆಯ ಆ ತುದಿಯಲ್ಲಿ ಗೂಡಿಗೆ ಚಿಪ್ಪು ತುಂಬುತ್ತಿದ್ದರು. ಬೆಳಚು ಹೆಕ್ಕಿ ಬುಟ್ಟಿ ತುಂಬುವ ಹೊತ್ತಿಗೆ ಬಿಸಿಲು ಬಂತು, ಉಬ್ಬರ ತಿರುಗಿತು. ಮಂಕಾಳು ಕನ್ನಡದಲ್ಲಿ ಕೂಗಿದ, ನಮ್ಮವರು ಹತ್ತಿದರು. ಕೊಂಕಣಿಯಲ್ಲಿ ಕೂಗಿದ, ನವಾಯತಿಯಲ್ಲಿ ಕೂಗಿದ, ಅವರೂ ಹತ್ತಿದರು. ಗೂಟದ ಆಚೆ ಹನ್ನೊಂದು ಮಂದಿ ಸಾಲಾಗಿ ಉಳಿದರು, ಮದುವೆಗೆ ಕರೆಯುವವರು ಬರಲಿ ಎಂದು ಕಾದವರ ಹಾಗೆ ತಲೆ ಬಾಚಿ, ಸೆರಗು ಸಿಕ್ಕಿಸಿಕೊಂಡು. ಕಟ್ಟೆಯ ಮೇಲೆ ಮೂರು ಕೇರಿಯೂ ಸೇರಿತ್ತು. ಅವಲಕ್ಕಿ ಬಂತು, ಬೆಲ್ಲ ಬಂತು. ಕೂಗು ಬರಲಿಲ್ಲ.

ಮೊದಮೊದಲು ತಮಾಷೆಯೇ ನಡೆಯಿತು. ‘ಏನೇ ಕೊರಪೊಲು, ನೀರು ಬೆಚ್ಚಗಿದೆಯಾ?’ ಎಂದು ನಮ್ಮ ಕೇರಿಯ ಒಬ್ಬಳು ಕೂಗಿದಳು. ‘ನಿಮ್ಮ ಗೌಡರ ಮಾತಿಗಿಂತ ಬೆಚ್ಚಗಿದೆ ಅಕ್ಕ, ನೀವೂ ಇಳಿಯಿರಿ’ ಎಂದಳು ಕೊರಪೊಲು. ಕಟ್ಟೆಯೆಲ್ಲ ನಕ್ಕಿತು, ಗೌಡನೂ ನಕ್ಕ. ‘ಮಂಕಾಳಣ್ಣನಿಗೆ ಮಾತು ಮರೆತುಹೋಯಿತೋ ಏನೋ, ಗಂಜಿ ಕುಡಿದದ್ದು ಮಾತ್ರ ನೆನಪಿರಬೇಕು’ ಎಂದು ಕೊರಪೊಲುವಿನ ಪಕ್ಕದಲ್ಲಿದ್ದ ಮುದುಕಿ ಹೇಳಿದಳು. ಅದಕ್ಕೂ ನಗು. ಮಂಕಾಳು ಮಾತ್ರ ಜಂತ್ರಡಿಯ ಹಲಗೆಯನ್ನೇ ನೋಡುತ್ತಿದ್ದ. ನೀರು ಅವರ ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು. ಬೀರ ಗೌಡ ಅವರ ಮೊಣಕಾಲನ್ನೇ ನೋಡುತ್ತಾ ಕುಳಿತಿದ್ದ. ಅಲ್ಲಿಯೇ ತಪ್ಪಿದ್ದು. ಗದ್ದೆಯವನು ನೀರನ್ನು ನಿಂತ ಜಾಗದಲ್ಲಿ ಅಳೆಯುತ್ತಾನೆ. ಗದ್ದೆಯಲ್ಲಿ ನೀರು ಎಲ್ಲ ಕಡೆ ಒಂದೇ ಸಮ ನಿಲ್ಲುತ್ತದಲ್ಲ. ಹೊಳೆ ಹಾಗಲ್ಲ. ಬಯಲು ದಿಣ್ಣೆ, ಗೂಟಕ್ಕೂ ಮೆಟ್ಟಿಲಿಗೂ ನಡುವೆ ಇರುವುದು ಕೊರಕಲು. ದಿಣ್ಣೆಯ ಮೇಲೆ ಮೊಣಕಾಲಿಗೆ ನೀರು ಬರುವಾಗ ಕೊರಕಲಿನಲ್ಲಿ ಆಳು ಮುಳುಗಿ ಮೇಲೆ ಇನ್ನೊಂದು ಮೊಳ ಇರುತ್ತದೆ. ಅದು ದೋಣಿಕೇರಿಯ ಹಿರಿಯ ಪುರ್ಸು ತಾಂಡೇಲನಿಗೆ ಗೊತ್ತಿತ್ತು. ಅವನು ಮೊದಲಿನಿಂದಲೂ ಕೊರಕಲನ್ನೇ ನೋಡುತ್ತಿದ್ದ. ‘ಪುರೊ ಗೌಡಾ, ಪುರೊ’ ಎಂದ. ಸಾಕು ಎಂದರ್ಥ. ‘ಇನ್ನೊಂದು ಚೂರು. ಈಗ ಕೂಗಿದರೆ ಅವರು ಗೆದ್ದ ಹಾಗಾಯಿತು’ ಎಂದ ಗೌಡ. ತಾಂಡೇಲ ಎರಡನೆಯ ಸಲ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ಎಂದು ದೋಣಿಕೇರಿಯವರು ಇವತ್ತಿಗೂ ವಾದ ಮಾಡುತ್ತಾರೆ. ಬಂದರಕೇರಿಯ ಹಿರಿಯರು ಎದ್ದು ತಮ್ಮ ಹೆಂಗಸರನ್ನು ಕರೆದುಕೊಂಡು ಮನೆಗೆ ಹೋದರು. ನೋಡದಿದ್ದರೆ ಪಾಪವಿಲ್ಲ ಎಂದುಕೊಂಡಿರಬೇಕು.

ಕೆಳಗೆ ನಿಂತವರಿಗೆ ಕೊರಕಲು ಗೊತ್ತಿರಲಿಲ್ಲವೇ? ಎಂಟು ವರ್ಷ ಅದೇ ಕೆಸರಿನಲ್ಲಿ ಚಿಪ್ಪು ಹೆಕ್ಕಿದವರು, ಚೆನ್ನಾಗಿಯೇ ಗೊತ್ತಿತ್ತು. ಅವರಲ್ಲಿ ಎಳೆಯವಳೊಬ್ಬಳು ಅಳುತ್ತಾ ಒಂದು ಹೆಜ್ಜೆ ಮುಂದೆ ಇಟ್ಟಳು. ಕೊರಪೊಲು ಅವಳ ರಟ್ಟೆ ಹಿಡಿದು ಎಳೆದು ನಿಲ್ಲಿಸಿದಳು ಎನ್ನುತ್ತಾರೆ. ಇದನ್ನು ಹೇಳುವಾಗ ನಮ್ಮ ಮುದುಕಿಯರು ದನಿ ತಗ್ಗಿಸುತ್ತಾರೆ. ಕೊಂದವರು ಕಟ್ಟೆಯ ಮೇಲಿದ್ದವರು ಮಾತ್ರ ಎಂದು ಹೇಳಿಬಿಟ್ಟರೆ ಕಥೆ ಹಗುರವಾಗುತ್ತಿತ್ತು. ಆ ಹುಡುಗಿಯ ರಟ್ಟೆ ಹಿಡಿದ ಕೈ ಕೊರಪೊಲುವಿನದು. ಕೂಸನ್ನು ಮರಳಿನಲ್ಲಿ ಹೂತು ಬಂದ ಹೆಂಗಸಿಗೆ ಇನ್ನೊಂದು ಮಳೆಗಾಲ ಆ ಮರಳಿನ ಮೇಲೆ ಮಲಗುವುದು ಸಾಧ್ಯವಿರಲಿಲ್ಲ, ಅಷ್ಟೇ. ಅವಳು ಮೇಲೆ ನೋಡಿ ಒಂದೇ ಸಲ ಕೇಳಿದಳು: ‘ಗೌಡ್ರೇ, ಇನ್ನೆಷ್ಟು?’ ಆಗ ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಹಗ್ಗ ಅಲ್ಲೇ ಇತ್ತು, ಜಂತ್ರಡಿ ಎತ್ತುವ ದಪ್ಪನೆಯ ಹಗ್ಗ. ಯಾರೂ ಬಿಚ್ಚಲಿಲ್ಲ. ಪಕ್ಕದವನು ಬಿಚ್ಚಲಿ ಎಂದು ಪ್ರತಿಯೊಬ್ಬನೂ ಕಾಯುತ್ತಿದ್ದ. ದೋಣಿಗಳು ಕುರ್ವೆಯ ಇನ್ನೊಂದು ಮಗ್ಗುಲಲ್ಲಿ ಇನ್ನೂ ಕೆಸರಿನಲ್ಲಿ ಕೂತಿದ್ದವು, ಅವನ್ನು ಎತ್ತಲು ಇದೇ ಉಬ್ಬರ ಬರಬೇಕಿತ್ತು.

ನೀರು ಹನ್ನೊಂದು ಮಂದಿಯ ಸೊಂಟ ದಾಟಿದಾಗ ಮಂಕಾಳು ಕೂಗಿದ. ಗೌಡನನ್ನು ಕೇಳಲಿಲ್ಲ. ‘ಮಿತ್ತ್ ಬಲೆ!’ ಆ ಕೂಗು ಕುರ್ವೆಯ ಆ ತುದಿಯ ಸುಣ್ಣದ ಗೂಡಿಗೂ ಕೇಳಿಸಿತಂತೆ. ತುಕ್ರ ಕೈಯಲ್ಲಿದ್ದ ಬುಟ್ಟಿ ಇಳಿಸಿ, ‘ಕೂಗಿದರು, ಕೂಗಿದರು!’ ಎಂದು ಕುಣಿದನಂತೆ. ಬಯಲಿನಲ್ಲಿ ಕೊರಪೊಲು ಬಲಗೈ ಎತ್ತಿ ‘ಬತ್ತೆ’ ಎಂದಳು. ಬಂದೆ ಎಂದರ್ಥ. ಅವಳ ಪಕ್ಕದ ಮುದುಕಿ ‘ಬತ್ತೆ’ ಎಂದಳು. ಹೀಗೆ ಒಬ್ಬೊಬ್ಬರಾಗಿ, ಕ್ರಮ ತಪ್ಪದೆ, ಹನ್ನೊಂದು ಉತ್ತರ. ಅಳುತ್ತಿದ್ದ ಹುಡುಗಿಯದು ಕೊನೆಯದು. ಉತ್ತರ ಮುಗಿದ ಮೇಲೆ ಗೂಟ ದಾಟಿದರು. ಅವಸರ ಪಡಲಿಲ್ಲ ಎಂದು ಕೆಲವರು, ಪಡಲು ಆಗಲಿಲ್ಲ ಎಂದು ಕೆಲವರು. ನೀರು ಕುಡಿದ ಕೆಸರು ಕಾಲನ್ನು ಹಿಡಿದರೆ ಬಿಡುವುದಿಲ್ಲ. ಹತ್ತು ಹೆಜ್ಜೆಯಲ್ಲಿ ಕೊರಕಲು ಸಿಕ್ಕಿತು. ಮೊದಲು ಬುಟ್ಟಿಗಳು ತೇಲಿದವು. ಪುರ್ಸು ತಾಂಡೇಲ ಆಗ ಹಾರಿದ, ಅವನ ಹಿಂದೆ ದೋಣಿಕೇರಿಯ ಇನ್ನಿಬ್ಬರು. ಹೊಳೆಯ ಮೀನಿಗೆ ಈಜು ಕಲಿಸುವವರು ಅವರು, ಆದರೂ ಅವರಿಗೆ ಸಿಕ್ಕಿದ್ದು ಹುಡುಗಿಯೊಬ್ಬಳೇ. ಮೆಟ್ಟಿಲ ಮೇಲೆ ತಂದು ಮಲಗಿಸಿದರು. ಉಸಿರಿರಲಿಲ್ಲ. ಉಳಿದ ಹತ್ತು ಮಂದಿ ಮಧ್ಯಾಹ್ನದ ಮೇಲೆ ನೀರು ಇಳಿದಾಗ ಸಿಕ್ಕಿದರು. ಕೊರಪೊಲು ಸಿಕ್ಕಿದ್ದು ಮೆಟ್ಟಿಲಿನಿಂದ ಮೂರು ಮಾರು ದೂರದಲ್ಲಿ.

ಆ ಸಂಜೆ ಬೀರ ಗೌಡ ಮಾಡಿದ್ದನ್ನು ಕೇಳಿ. ಬಲೆಯ ಸಿಗಡಿಯನ್ನು ಕಟ್ಟೆಯ ಮೇಲೆ ಸುರಿಸಿದ. ಕೂಗಿಗೆ ಉತ್ತರ ಕೊಟ್ಟವರಿಗೆ ಪಾಲು ಎಂಬ ಕಟ್ಟನ್ನು ಮಾಡಿದ್ದು ಅವನ ಅಜ್ಜ. ಹನ್ನೊಂದು ಉತ್ತರವನ್ನು ಅವನೇ ಕಿವಿಯಾರೆ ಕೇಳಿದ್ದ. ನಾಲ್ಕು ರಾಶಿ ಮಾಡಿದ. ನಾಲ್ಕನೆಯದನ್ನು ಬುಟ್ಟಿಗೆ ತುಂಬಿ, ಸ್ವತಃ ತಲೆಯ ಮೇಲೆ ಹೊತ್ತು, ಹೆಣಗಳನ್ನು ಸಾಲಾಗಿ ಮಲಗಿಸಿದ್ದ ಸುಣ್ಣದ ಗೂಡಿನ ಮುಂದೆ ತಂದಿಟ್ಟ. ‘ನಿಮ್ಮ ಪಾಲು’ ಎಂದ. ಕ್ಷಮೆ ಕೇಳಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿಯಾಗಿತ್ತೋ, ಅಥವಾ ಕಟ್ಟು ಮುರಿಯಬಾರದು ಎಂಬ ಹಟವೋ, ಎರಡು ತರಹವೂ ಹೇಳುತ್ತಾರೆ. ತುಕ್ರ ಬುಟ್ಟಿಯನ್ನು ನೋಡಿದ. ಇನ್ನೂ ಕೆಲವು ಸಿಗಡಿ ಮಿಸುಕಾಡುತ್ತಿದ್ದವು. ‘ಹಾಗಾದರೆ ಕೂಗು ನಮ್ಮದಾಯಿತು’ ಎಂದ ತುಕ್ರ. ಗೌಡ ಹೌದೆಂದ. ‘ಇನ್ನು ನಮ್ಮನ್ನು ಯಾರೂ ಎಬ್ಬಿಸುವ ಹಾಗಿಲ್ಲ.’ ‘ಇಲ್ಲ.’ ‘ಸರಿ, ನಾವೇ ಹೋಗುತ್ತೇವೆ’ ಎಂದ ತುಕ್ರ. ‘ಕೂಗು ಮಾತ್ರ ಬಿಟ್ಟುಕೊಡುವುದಿಲ್ಲ. ನಿಮ್ಮ ಕಟ್ಟೆ ಇರುವ ತನಕ ನಾಲ್ಕು ಸಲ ಕೂಗಬೇಕು. ನಾಲ್ಕು ರಾಶಿ ಇಡಬೇಕು. ನಮ್ಮ ರಾಶಿಯನ್ನು ನೀವು ತಿನ್ನಬಾರದು, ಮಾರಬಾರದು, ಹೊಳೆಗೆ ಎಸೆಯಬಾರದು. ಅದು ಕೊಳೆಯುವ ತನಕ ನಿಮ್ಮ ಯಜಮಾನ ಅದರ ಪಕ್ಕದಲ್ಲಿ ಕೂತಿರಬೇಕು. ಆಗುವುದಿಲ್ಲ ಎಂದರೆ ಈಗಲೇ ಹೇಳಿ, ನಿಮ್ಮ ಮಾತಿಗೆ ಬೆಲೆಯಿಲ್ಲ ಎಂದು ಹನ್ನೆರಡು ಕುರ್ವೆಗೂ ಹೇಳಿಕೊಂಡು ಹೋಗುತ್ತೇವೆ.’ ತುಕ್ರನಿಗೆ ನಮ್ಮವರ ಎದೆಯಲ್ಲಿ ಎಲ್ಲಿ ಚುಚ್ಚಬೇಕೆಂದು ಗೊತ್ತಿತ್ತು. ಗೌಡ ಒಪ್ಪಿದ. ಮರುದಿನ ಹನ್ನೊಂದು ಹೆಣಗಳನ್ನೂ ದೋಣಿಯಲ್ಲಿ ಹಾಕಿಕೊಂಡು ಅವರು ತೆಂಕಣಕ್ಕೆ ಹೋದರು. ಒಂದು ಹಿಡಿ ಬೂದಿಯನ್ನೂ ಕುರ್ವೆಯ ಮಣ್ಣಿಗೆ ಬಿಡಲಿಲ್ಲ.

ಬೀರ ಗೌಡ ಅದಾದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಅಷ್ಟೂ ಅಮಾವಾಸ್ಯೆ, ಅಷ್ಟೂ ಹುಣ್ಣಿಮೆ ಆ ರಾಶಿಯ ಪಕ್ಕದಲ್ಲಿ ಕೂತ. ಕೊನೆಕೊನೆಗೆ ಅವನ ಮೈಯಿಂದ ಆ ವಾಸನೆ ಹೋಗಲೇ ಇಲ್ಲ, ಮೊಮ್ಮಕ್ಕಳು ಅವನ ಪಂಕ್ತಿಯಲ್ಲಿ ಉಣ್ಣುತ್ತಿರಲಿಲ್ಲ ಎನ್ನುತ್ತಾರೆ. ಕೂಗುವ ಕೆಲಸ ಬಿಡಿಸಿ ಎಂದು ಮಂಕಾಳು ಅವನ ಕಾಲು ಹಿಡಿದ. ‘ಹೇಳದೆ ಕೂಗಿದವನು ನೀನು. ಇನ್ನು ಕೂಗುತ್ತಲೇ ಇರು’ ಎಂದ ಗೌಡ. ಮಂಕಾಳುವಿನ ಮಗ ಕೂಗಿದ, ಅವನ ಮಗ ಕೂಗಿದ. ಈಗ ಆರು ವರ್ಷದಿಂದ ನಾನು ಕೂಗುತ್ತಿದ್ದೇನೆ. ಈ ಹೊಳೆಯಲ್ಲಿ ಕೊಟ್ಟ ಮಾತನ್ನು ಇಷ್ಟು ತಲೆಮಾರು ನಡೆಸಿದ ಇನ್ನೊಂದು ಊರಿದ್ದರೆ ಕರೆದು ತನ್ನಿ, ನಾನು ಬಾಯಿ ಮುಚ್ಚುತ್ತೇನೆ.

ಸೇತುವೆಯಾದ ಮೇಲೆ ಬರುವವರು ಹೆಚ್ಚಾಗಿದ್ದಾರೆ. ಅಮಾವಾಸ್ಯೆಯ ಬೆಳಿಗ್ಗೆ ಬಂದರೆ ನೀವೂ ನೋಡಬಹುದು. ಮೂರು ಕೂಗಿಗೆ ಮೂರು ಕೇರಿಯವರು ಹತ್ತುತ್ತಾರೆ. ನಾಲ್ಕನೆಯದನ್ನು ಕೂಗುವಾಗ ಬಯಲಿನಲ್ಲಿ ಯಾರೂ ಇರುವುದಿಲ್ಲ. ಹನ್ನೊಂದು ಉತ್ತರಕ್ಕೆ ಬೇಕಾದಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಲ್ಲುತ್ತೇವೆ. ಆಮೇಲೆ ರಾಶಿ ಹಂಚುತ್ತಾರೆ. ಮೂರನ್ನು ಬುಟ್ಟಿಗೆ ತುಂಬಿ ಮನೆಗೆ ಒಯ್ಯುತ್ತಾರೆ. ನಾಲ್ಕನೆಯದು ಬಿಸಿಲಿನಲ್ಲಿ ಉಳಿಯುತ್ತದೆ, ಪಕ್ಕದಲ್ಲಿ ಮೂಡಕೇರಿಯ ಈಗಿನ ಯಜಮಾನರು ಕೊಡೆ ಬಿಡಿಸಿ ಕೂತಿರುತ್ತಾರೆ. ಹತ್ತು ಗಂಟೆಗೆ ನೊಣ, ಮಧ್ಯಾಹ್ನಕ್ಕೆ ನಾತ. ಬಂದವರು ಮೂಗಿಗೆ ಕರವಸ್ತ್ರ ಹಿಡಿದು, ಇಷ್ಟು ಒಳ್ಳೆಯ ಸಿಗಡಿಯನ್ನು ಯಾಕೆ ಕೊಳೆಯಿಸುತ್ತೀರಿ, ಯಾರಿಗಾದರೂ ಕೊಡಬಾರದೇ ಎಂದು ಕೇಳುತ್ತಾರೆ. ಅದು ನಮ್ಮದಲ್ಲ ಎನ್ನುತ್ತೇವೆ.